ಮನಸ್ಸು ಬೆಳೆಯುವ ಬಗೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಪತ್ರಗಳಲ್ಲಿ ಬಹುತೇಕ ಎಲ್ಲವೂ ಕೇಳುವುದು ಒಂದನ್ನೇ: ‘ಈ ವಯಸ್ಸಿಗೆ ಇದು ಸರಿಯೇ?’ ಮನೋವಿಜ್ಞಾನಿಗಳಾದ ಪಿಯಾಜೆ, ಎರಿಕ್ಸನ್ ಕೊಟ್ಟರೆನ್ನಲಾದ ವಯಸ್ಸಿನ ಪಟ್ಟಿಗಳು ಬಿ.ಇಡಿ ಗೈಡುಗಳಿಂದ ಇಳಿದು ಈಗ ವಾಟ್ಸಾಪ್ ಗ್ರೂಪುಗಳಿಗೆ ಬಂದಿವೆ. ಜನ ಅವನ್ನು ಬಸ್ಸಿನ ಟೈಮ್‌ಟೇಬಲ್ ಥರ ಓದುತ್ತಿದ್ದಾರೆ. ಆ ಅಂಕಿಗಳು ಅಂದಾಜು. ಯಾವುದು ಮೊದಲು, ಯಾವುದು ಆಮೇಲೆ, ಯಾವ ರೀತಿ ಬರುತ್ತದೆ ಅನ್ನುವುದೇ ಹೆಚ್ಚು ಮುಖ್ಯ. ತಾರೀಖನ್ನೇ ನೋಡಬೇಕಾದ ಸಂಗತಿಗಳೂ ಕೆಲವು ಇವೆ, ಅಂಥದೊಂದು ಕೊನೆಯ ಪತ್ರದಲ್ಲಿದೆ.

ಮಗಳಿಗೆ ಐದೂವರೆ ವರ್ಷ. ಅಣ್ಣನಿಗೆ ಉದ್ದ ಲೋಟದಲ್ಲಿ, ಅವಳಿಗೆ ಅಗಲ ಬಟ್ಟಲಲ್ಲಿ ಹಾಲು ಕೊಟ್ಟರೆ ‘ಅವಗ ಜಾಸ್ತಿ ಹಾಕಿ’ ಅಂತ ಅಳುತ್ತಾಳೆ. ಕಣ್ಣೆದುರೇ ಅಳೆದು ಹಾಕಿದರೂ ಒಪ್ಪುವುದಿಲ್ಲ. ಒಂದು ರೊಟ್ಟಿ ಮುರಿದು ಕೊಟ್ಟರೆ ಎರಡು ರೊಟ್ಟಿ ಸಿಕ್ಕಿತೆಂದು ಖುಷಿ. ಬುದ್ಧಿ ಕಮ್ಮಿ ಇದೆಯೇ?
*— ಒಬ್ಬ ತಾಯಿ, ನವಲಗುಂದ*

ಬುದ್ಧಿ ಸರಿಯಾಗಿಯೇ ಇದೆ, ಐದೂವರೆಗೆ ತಕ್ಕ ಹಾಗೆ ಓಡುತ್ತಿದೆ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ (1896–1980) ಪ್ಯಾರಿಸ್ಸಿನಲ್ಲಿ ಬುದ್ಧಿ ಪರೀಕ್ಷೆಯ ಕೆಲಸ ಮಾಡುತ್ತಿದ್ದಾಗ, ಮಕ್ಕಳ ಸರಿ ಉತ್ತರಕ್ಕಿಂತ ತಪ್ಪು ಉತ್ತರಗಳೇ ಅವರ ಗಮನ ಸೆಳೆದವು. ಒಂದೇ ವಯಸ್ಸಿನ ಮಕ್ಕಳು ಒಂದೇ ನಮೂನೆ ತಪ್ಪು ಮಾಡುತ್ತಿದ್ದರು. ನಿಮ್ಮ ಮಗಳ ತಪ್ಪು ಆ ಪೈಕಿ ಬಹಳ ಹೆಸರಾದದ್ದು. ಎರಡರಿಂದ ಏಳು ವರ್ಷದ ತನಕದ ಪೂರ್ವ ಕಾರ್ಯಾಚರಣೆ ಹಂತದಲ್ಲಿ ಮಗು ಒಂದು ಸಲಕ್ಕೆ ಒಂದು ಗುಣವನ್ನಷ್ಟೇ ಹಿಡಿಯುತ್ತದೆ. ಎತ್ತರ ನೋಡಿದರೆ ಅಗಲ ಬಿಟ್ಟುಹೋಗುತ್ತದೆ.

ನೀವೇ ಪರೀಕ್ಷಿಸಿ ನೋಡಬಹುದು, ಆದರೆ ಕ್ರಮ ತಪ್ಪಬಾರದು. ಒಂದೇ ಅಳತೆಯ ಎರಡು ಗಾಜಿನ ಲೋಟ ತೆಗೆದುಕೊಳ್ಳಿ, ಸ್ಟೀಲಿನದಾದರೆ ಒಳಗಿನದು ಕಾಣುವುದಿಲ್ಲ. ಎರಡಕ್ಕೂ ಸುಮಾರು 150 ಮಿ.ಲೀ. ಬೆಲ್ಲದ ಪಾನಕ ಹಾಕಿ. ‘ಎರಡರಾಗೂ ಅಷ್ಟ ಐತೇನು?’ ಎಂದು ಕೇಳಿ. ಇಲ್ಲ ಅಂದರೆ ಚಮಚ ಅವಳ ಕೈಗೇ ಕೊಟ್ಟು ಸಮ ಮಾಡಿಸಿ. ಸಮ ಎಂದು ಅವಳ ಬಾಯಿಂದಲೇ ಬರದಿದ್ದರೆ ಮುಂದಿನದೆಲ್ಲ ವ್ಯರ್ಥ. ಆಮೇಲೆ ಅವಳ ಎದುರಲ್ಲೇ ಒಂದು ಲೋಟದ್ದನ್ನು ಸಪೂರ, ಉದ್ದ ಪಾತ್ರೆಗೆ ಬಗ್ಗಿಸಿ. ಕೇಳುವಾಗ ಮೂರೂ ದಾರಿ ಬಿಡಿ: ‘ಇದ್ರಾಗ ಜಾಸ್ತಿ ಐತೊ, ಅದ್ರಾಗ ಜಾಸ್ತಿ ಐತೊ, ಎರಡರಾಗೂ ಅಷ್ಟ ಐತೊ?’ ಉತ್ತರ ಬಂದ ಮೇಲೆ ‘ಯಾಕ?’ ಅನ್ನಿ. ಪಿಯಾಜೆಗೆ ಬೇಕಾಗಿದ್ದದ್ದು ಈ ‘ಯಾಕ’ಕ್ಕೆ ಬರುವ ಮಾತು. ಒಳಗೆ ವಿಚಾರ ಬಲಿತ ಮಗು ಮೂರರಲ್ಲಿ ಒಂದು ಕಾರಣ ಕೊಡುತ್ತದೆ: ಏನೂ ಸೇರಿಸಿಲ್ಲ, ತೆಗೆದಿಲ್ಲ; ತಿರುಗಿ ಸುರಿದರೆ ಮೊದಲಿನಷ್ಟೇ ಆಗುತ್ತದೆ; ಇದು ಎತ್ತರ ಇದೆ, ಆದರೆ ಸಣ್ಣಗೈತಿ. ಕಾರಣವಿಲ್ಲದೆ ಬರೀ ‘ಅಷ್ಟ ಐತಿ’ ಎಂದರೆ ಅದು ನಿಮ್ಮ ಮುಖ ನೋಡಿ ಹೇಳಿದ್ದಿರಬಹುದು.

ಇದೇ ರೀತಿ ಒಂದು ರೂಪಾಯಿಯ ಆರಾರು ನಾಣ್ಯಗಳ ಎರಡು ಸಾಲು ಮಾಡಿ ಒಂದು ಸಾಲನ್ನು ಅಗಲಿಸಿ ನೋಡಿ. ಕಣಕದ ಎರಡು ಉಂಡೆ ಮಾಡಿ ಒಂದನ್ನು ಲಟ್ಟಿಸಿ. ಸಂಖ್ಯೆಯ ತಿಳಿವಳಿಕೆ ಮೊದಲು, ಆರು-ಏಳರ ಹೊತ್ತಿಗೆ ಬರುತ್ತದೆ. ಕಣಕ ಮತ್ತು ದ್ರವದ್ದು ಏಳು-ಎಂಟಕ್ಕೆ, ತೂಕದ್ದು ಒಂಬತ್ತರ ಆಸುಪಾಸು, ನೀರಲ್ಲಿ ಮುಳುಗಿಸಿದರೆ ಎಷ್ಟು ನೀರು ಮೇಲೇರುತ್ತದೆ ಅನ್ನುವುದು ಹನ್ನೊಂದು-ಹನ್ನೆರಡಕ್ಕೆ. ನಾಣ್ಯದಲ್ಲಿ ಗೆದ್ದ ಮಗು ಅದೇ ದಿನ ಪಾನಕದಲ್ಲಿ ಸೋತರೆ ಗಾಬರಿ ಬೇಡ, ಎಲ್ಲವೂ ಒಟ್ಟಿಗೆ ಬರುವುದಿಲ್ಲ.

ಪರೀಕ್ಷೆ ಎಲ್ಲಿ ಕೆಡುತ್ತದೆ ಅನ್ನುವುದನ್ನೂ ತಿಳಿದಿರಿ. ಪಿಯಾಜೆ ಒಂದೇ ಪ್ರಶ್ನೆಯನ್ನು ಬಗ್ಗಿಸುವ ಮೊದಲೊಮ್ಮೆ, ಬಗ್ಗಿಸಿದ ಮೇಲೊಮ್ಮೆ ಕೇಳುತ್ತಿದ್ದರು. 1974ರಲ್ಲಿ ರೋಸ್ ಮತ್ತು ಬ್ಲ್ಯಾಂಕ್ ಎಂಬ ಇಬ್ಬರು ಸಂಶೋಧಕರು ಬದಲಾವಣೆಯ ನಂತರ ಒಂದೇ ಸಲ ಕೇಳಿದಾಗ ಹೆಚ್ಚು ಮಕ್ಕಳು ಸರಿ ಹೇಳಿದರು. ದೊಡ್ಡವರು ಮತ್ತೆ ಕೇಳಿದರೆಂದರೆ ಮೊದಲು ಹೇಳಿದ್ದು ತಪ್ಪು ಎಂದು ಮಗು ಲೆಕ್ಕ ಹಾಕುತ್ತದೆ. ‘ಸರಿಯಾಗಿ ನೋಡಿ ಹೇಳು’ ಎಂದು ಹತ್ತು ಸಲ ಅನ್ನುವ ನಮ್ಮ ಮನೆಗಳಲ್ಲಂತೂ ಇದು ಇನ್ನೂ ಜೋರು. ಸ್ಕಾಟ್ಲೆಂಡಿನಲ್ಲಿ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಇನ್ನೊಂದು ಉಪಾಯ ಮಾಡಿದರು. ಸಾಲನ್ನು ತಾವು ಕೆಡಿಸದೆ, ತುಂಟ ಕರಡಿ ಗೊಂಬೆಯೊಂದು ಬಂದು ಕೆಡಿಸಿದಂತೆ ಆಡಿಸಿದರು. ಆಗ ನಾಲ್ಕರಿಂದ ಆರು ವರ್ಷದವರಲ್ಲೂ ಬಹಳ ಮಕ್ಕಳು ‘ಅಷ್ಟೇ ಇದೆ’ ಅಂದರು. ಮಕ್ಕಳ ಶಕ್ತಿಯನ್ನು ಪಿಯಾಜೆ ಸ್ವಲ್ಪ ಕಡಿಮೆಯೇ ಅಂದಾಜು ಮಾಡಿದ್ದರು ಅನ್ನುವುದು ಈಗ ಹೆಚ್ಚುಕಡಿಮೆ ಎಲ್ಲರೂ ಒಪ್ಪಿದ ಮಾತು.

ಇದನ್ನು ಬಾಯಿಪಾಠ ಮಾಡಿಸಬೇಡಿ. ಜಳಕದ ಹೊತ್ತಿಗೆ ಚೊಂಬು, ಬಾಟಲಿ, ಮಗ್ಗು ಕೊಟ್ಟು ಸುರಿಯಲು ಬಿಡಿ. ಜೋಳ, ಅಕ್ಕಿ ಅಳೆಯುವಾಗ ಜೊತೆಗೆ ಕೂಡಿಸಿಕೊಳ್ಳಿ. ಒಂಬತ್ತು ದಾಟಿದರೂ ನಾಣ್ಯದ ಸಾಲಿನಲ್ಲೇ ಎಡವಿ, ಎಣಿಕೆ ಮತ್ತು ಓದಿನಲ್ಲೂ ಹಿಂದಿದ್ದರೆ ಮಾತ್ರ ತಜ್ಞರಿಗೆ ತೋರಿಸಿ. ಅಲ್ಲಿಯತನಕ ಇಬ್ಬರಿಗೂ ಒಂದೇ ಥರದ ಲೋಟ ಕೊಡಿ, ಜಗಳ ಮುಗಿಯುತ್ತದೆ.

ಒಂದನೇ ತರಗತಿಯ ಮಕ್ಕಳು ಲೆಕ್ಕ ಮಾಡುವಾಗ ತಮ್ಮಷ್ಟಕ್ಕೆ ಗೊಣಗುತ್ತಾರೆ. ಸುಮ್ಮನಿರಿಸಬೇಕೇ?
*— ಶಿಕ್ಷಕಿ, ಬ್ಯಾಡಗಿ*

ಬೇಡ. ಇದು ಇನ್ನೂ ತನ್ನ ಕಣ್ಣಿಂದಲೇ ಜಗತ್ತು ನೋಡುವ ಮಗುವಿನ ಮಾತು, ಬೆಳೆದಂತೆ ಉದುರಿಹೋಗುತ್ತದೆ ಎಂದರು ಪಿಯಾಜೆ. ಅದೇ 1896ರಲ್ಲಿ ಹುಟ್ಟಿ, ಕ್ಷಯದಿಂದ 37ಕ್ಕೇ ತೀರಿಹೋದ ರಷ್ಯಾದ ವೈಗೋಟ್‌ಸ್ಕಿ ಬೇರೆ ಹೇಳಿದರು: ಈ ಗೊಣಗು ಮಗು ತನಗೆ ತಾನೇ ಕೊಟ್ಟುಕೊಳ್ಳುವ ಸೂಚನೆ, ಮುಂದೆ ಅದೇ ಪಿಸುಮಾತಾಗಿ, ಆಮೇಲೆ ಒಳಗಿನ ವಿಚಾರವಾಗುತ್ತದೆ. ನಂತರದ ಅಧ್ಯಯನಗಳು ವೈಗೋಟ್‌ಸ್ಕಿ ಪರವಾಗಿಯೇ ಇವೆ. ಲೆಕ್ಕ ಕಠಿಣವಾದಷ್ಟೂ ಗೊಣಗು ಹೆಚ್ಚುತ್ತದೆ, ನಿಲ್ಲಿಸಿದರೆ ಲೆಕ್ಕ ತಪ್ಪುತ್ತದೆ.

ಅದನ್ನು ಉಪಯೋಗಿಸಿಕೊಳ್ಳಿ. 42ರಲ್ಲಿ 17 ಕಳೆಯುವುದಕ್ಕೆ ಹತ್ತು ಹತ್ತು ಕಡ್ಡಿಯ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ. ಮೊದಲು ನೀವು ಬಾಯಿಬಿಟ್ಟು ಹೇಳುತ್ತ ಮಾಡಿ: ‘ಎರಡರಾಗ ಏಳು ಹೋಗೂದಿಲ್ಲ, ಒಂದು ಕಟ್ಟು ಬಿಚ್ಚೋಣ.’ ಆಮೇಲೆ ಇಬ್ಬರೂ ಸೇರಿ. ಮೂರನೆಯ ಸಲ ಮಗು ಮಾಡಲಿ, ನೀವು ಸಿಕ್ಕಿಬಿದ್ದ ಜಾಗದಲ್ಲಿ ಬೆರಳು ತೋರಿಸಿದರೆ ಸಾಕು. ನಾಲ್ಕನೆಯದು ಅದರದೇ. ಸಮೀಪಸ್ಥ ವಿಕಾಸ ವಲಯ, ಅಂದರೆ ಮಗು ಒಂದೇ ಮಾಡಲಾಗದೆ ಸಹಾಯ ಸಿಕ್ಕರೆ ಮಾಡಬಲ್ಲ ಕೆಲಸಗಳ ವಲಯ, ಎಂದು ತರಬೇತಿಯಲ್ಲಿ ಓದಿದ್ದು ಇದನ್ನೇ. ವಾರಗಟ್ಟಲೆ ನಿಮ್ಮ ಸಹಾಯ ಒಂದಿಷ್ಟೂ ಕಡಿಮೆಯಾಗದಿದ್ದರೆ ಲೆಕ್ಕ ಆ ಮಗುವಿನ ವಲಯದ ಹೊರಗಿದೆ. ಎರಡಂಕಿಯಿಂದ ಒಂದಂಕಿಗೆ ಇಳಿಯಿರಿ.

ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ನಾಲ್ಕು ವರ್ಷದಿಂದ ಕೆಎಎಸ್, ಪಿಎಸ್‌ಐ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ವಯಸ್ಸು 27. ಊರಲ್ಲಿ ಜೊತೆಗಾರರಿಗೆ ಮದುವೆಯಾಗಿ ಮಕ್ಕಳಾಗಿವೆ. ‘ಐಡೆಂಟಿಟಿ ಹಂತ 18ಕ್ಕೆ ಮುಗಿಯಬೇಕು’ ಎಂದು ಮನೋವಿಜ್ಞಾನದ ನೋಟ್ಸಿನಲ್ಲೇ ಓದಿದೆ. ನಾನು ಹಿಂದೆ ಬಿದ್ದಿದ್ದೇನೆಯೇ?
*— ಹೆಸರು ಬೇಡ, ಧಾರವಾಡ*

ಪರೀಕ್ಷೆಗೆ ಓದಿದ ನೋಟ್ಸನ್ನು ಬದುಕಿಗೆ ಹಚ್ಚಿಕೊಂಡಿದ್ದೀರಿ! ‘ನಾನು ಯಾರು’ ಎಂಬ ಗುರುತು ಕಂಡುಕೊಳ್ಳುವ ಈ ಹಂತದ ಒಳಗೆ ಎರಿಕ್ ಎರಿಕ್ಸನ್ ಅವರೇ ಒಂದು ಬಿಡುವನ್ನು ಗುರುತಿಸಿದ್ದರು. ತರುಣರು ಯಾವುದಕ್ಕೂ ಪೂರ್ತಿ ಕಟ್ಟಿಕೊಳ್ಳದೆ ಹಲವು ದಾರಿ ನೋಡಲು ಸಮಾಜ ಕೊಡುವ ಸಮಯ ಅದು. ಜೆಫ್ರಿ ಆರ್ನೆಟ್ 2000ದಲ್ಲಿ 18ರಿಂದ 25ರ ಅವಧಿಗೆ ಬೇರೆಯೇ ಹೆಸರಿಟ್ಟು, ಅದೂ ಎಲ್ಲ ಸಮಾಜಗಳಲ್ಲಿ ಒಂದೇ ತೆರನಾಗಿಲ್ಲ ಎಂದರು.

ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಜೇಮ್ಸ್ ಮಾರ್ಸಿಯಾ 1966ರಲ್ಲಿ ಕೊಟ್ಟ ಕ್ರಮ. ಅವರು ಕಾಲೇಜು ಹುಡುಗರನ್ನು ಸಂದರ್ಶಿಸಿ ನೋಡಿದ್ದು ಎರಡೇ ಸಂಗತಿ: ಬೇರೆ ದಾರಿಗಳನ್ನು ನಿಜಕ್ಕೂ ಹುಡುಕಿ ನೋಡಿದ್ದಾರೆಯೇ? ಒಂದಕ್ಕೆ ಮನಸ್ಸು ಕೊಟ್ಟಿದ್ದಾರೆಯೇ? ಎರಡೂ ಹೌದಾದರೆ ಗುರುತು ಗಟ್ಟಿ. ಹುಡುಕಾಟ ನಡೆದಿದೆ, ನಿರ್ಧಾರ ಇನ್ನೂ ಇಲ್ಲ ಅಂದರೆ ಕಳವಳ ಇರುತ್ತದೆ, ಆದರೂ ಅದು ಆರೋಗ್ಯಕರ ಸ್ಥಿತಿ. ಹುಡುಕದೆಯೇ ನಿರ್ಧರಿಸಿದ್ದರೆ, ಅಂದರೆ ಕಾಕಾ ಹೇಳಿದರು, ಊರಿನವರೊಬ್ಬರು ಪಿಎಸ್‌ಐ ಆದರು, ಅದಕ್ಕೇ ನಾನೂ ಎಂಬಂತಿದ್ದರೆ, ಒಂದೆರಡು ಸೋಲಿನ ತನಕ ಗಟ್ಟಿಯಾಗಿ ಕಂಡು ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಹುಡುಕಾಟವೂ ಇಲ್ಲ, ಮನಸ್ಸೂ ಇಲ್ಲ, ಊರಿಗೆ ಹೋಗಲು ನಾಚಿಕೆ ಎಂದು ಲೈಬ್ರರಿಯಲ್ಲಿ ಕೂತಿರುವುದು ನಾಲ್ಕನೆಯದು. ಕಷ್ಟವೆಂದರೆ ಹೊರಗಿನಿಂದ ನೋಡಿದರೆ ನಾಲ್ಕೂ ಒಂದೇ: ಬೆಳಿಗ್ಗೆ ಆರಕ್ಕೆ ರೀಡಿಂಗ್ ರೂಮು, ರಾತ್ರಿ ಹತ್ತಕ್ಕೆ ರೂಮು.

ಒಳಗಿನಿಂದ ತಿಳಿಯಲು ಒಂದು ಹಾಳೆಯಲ್ಲಿ ಬರೆಯಿರಿ: ‘ಈ ಪರೀಕ್ಷೆಯೇ ನಾಳೆ ರದ್ದಾದರೆ ಏನು ಮಾಡುತ್ತೇನೆ?’ ಹದಿನೈದು ನಿಮಿಷದಲ್ಲಿ ಎರಡು ನಿರ್ದಿಷ್ಟ ಕೆಲಸ, ಅದಕ್ಕೆ ಬೇಕಾದ ಅರ್ಹತೆ, ಹೋಗಿ ಕೇಳಬಹುದಾದ ಒಬ್ಬ ಮನುಷ್ಯ, ಇಷ್ಟು ಬರೆಯಲಾದರೆ ನೀವು ಹುಡುಕಿದ್ದೀರಿ. ಹಾಳೆ ಖಾಲಿ ಉಳಿದರೆ ಮುಂದಿನ ಎರಡು ತಿಂಗಳು ವಾರಕ್ಕೆ ಅರ್ಧ ದಿನ ಹುಡುಕುವುದಕ್ಕೇ ಇಡಿ. ಅರೆಕಾಲಿಕ ಪಾಠ, ಲೆಕ್ಕಪತ್ರ, ಏನಾದರೂ ಸರಿ, ಕೈಯಿಂದ ಮಾಡಿ ನೋಡಿ. ಎಷ್ಟು ಪ್ರಯತ್ನ, ಎಷ್ಟು ಅಂಕ ಬರದಿದ್ದರೆ ಬಿಡುವುದು ಎಂಬುದನ್ನು ಫಲಿತಾಂಶ ಬರುವ ಮೊದಲೇ ಬರೆದು ಒಬ್ಬ ಗೆಳೆಯನ ಕೈಗೆ ಕೊಡಿ. ಬಂದ ಮೇಲೆ ನಿರ್ಧರಿಸಿದರೆ ‘ಇಷ್ಟು ವರ್ಷ ಕಳೆದೆ, ಇನ್ನೊಂದು ಸಲ’ ಎಂಬ ಲೆಕ್ಕವೇ ಗೆಲ್ಲುತ್ತದೆ.

ಇನ್ನು ಆ ಜೊತೆಗಾರರು. ಎರಿಕ್ಸನ್ ಪ್ರಕಾರ ಮೊದಲು ಗುರುತು, ಆಮೇಲೆ ಸಂಗಾತ. ನಮ್ಮಲ್ಲಿ ಮದುವೆ ಮೊದಲಾಗಿ ಗುರುತು ಆಮೇಲೆ ಬರುವುದು ಮಾಮೂಲು, ಆದ್ದರಿಂದ ಅವರು ಮುಂದೆ ಹೋಗಿದ್ದಾರೆ ಎಂದೇನಲ್ಲ. ನಿದ್ದೆ ಹಾರಿಹೋಗಿದ್ದರೆ, ಬದುಕಿ ಉಪಯೋಗವಿಲ್ಲ ಎಂಬ ವಿಚಾರ ಬರುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಇವತ್ತೇ ಕರೆ ಮಾಡಿ. ದಿನದ ಯಾವ ಹೊತ್ತಿನಲ್ಲೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ನಾನು ಬ್ಯಾಂಕ್ ಉದ್ಯೋಗಿ. ಹನ್ನೊಂದು ತಿಂಗಳ ಮಗ ಅಜ್ಜಿಯ ಹತ್ತಿರವೇ ಇರುತ್ತಾನೆ. ಸಂಜೆ ನಾನು ಬಂದರೂ ಮೊದಲು ಅಜ್ಜಿಯನ್ನೇ ಅಪ್ಪುತ್ತಾನೆ. ಬೆಳಿಗ್ಗೆ ಹೊರಟರೆ ಮಾತ್ರ ಕಿರುಚಾಟ, ಅದಕ್ಕೆ ಹಿಂಬಾಗಿಲಿಂದ ಹೋಗುತ್ತೇನೆ. ತಾಯಿ-ಮಗುವಿನ ಬಾಂಧವ್ಯ ಹಾಳಾಗುತ್ತದೆಯೇ?
*— ಬೆಟಗೇರಿ, ಗದಗ*

ಹಿಂಬಾಗಿಲನ್ನು ಬಿಡಿ, ಉಳಿದದ್ದೆಲ್ಲ ಸರಿ ಇದೆ.

‘ತಾಯಿ ದೂರವಾದರೆ ಮಗು ಕೆಡುತ್ತದೆ’ ಎಂಬ ಹೆದರಿಕೆಯ ಮೂಲ ಹೆಚ್ಚಾಗಿ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿ. ಅದರ ಹಿಂದಿದ್ದದ್ದು ಅನಾಥಾಲಯ, ಆಸ್ಪತ್ರೆಗಳಲ್ಲಿ ಯಾರೂ ತಮ್ಮವರಿಲ್ಲದೆ ಬೆಳೆದ ಮಕ್ಕಳು. ಬೆಳಿಗ್ಗೆ ಹೋಗಿ ಸಂಜೆ ಬರುವ ತಾಯಿ, ಮನೆಯಲ್ಲಿ ಅಜ್ಜಿ, ಇದು ಆ ಚಿತ್ರವಲ್ಲ. 1964ರಲ್ಲಿ ಶಾಫರ್ ಮತ್ತು ಎಮರ್ಸನ್ ಗ್ಲಾಸ್ಗೋದ 60 ಶಿಶುಗಳನ್ನು ಹಿಂಬಾಲಿಸಿ ನೋಡಿದಾಗ ಒಂದೂವರೆ ವರ್ಷದ ಹೊತ್ತಿಗೆ ಹೆಚ್ಚಿನವು ಒಬ್ಬರಿಗಿಂತ ಹೆಚ್ಚು ಜನಕ್ಕೆ ಅಂಟಿಕೊಂಡಿದ್ದವು. ಯಾರು ಹೆಚ್ಚು ಹೊತ್ತು ಉಣಿಸಿದರು, ಸ್ನಾನ ಮಾಡಿಸಿದರು ಎಂಬುದಕ್ಕಿಂತ ಮಗುವಿನ ಕರೆಗೆ ಯಾರು ಓಗೊಟ್ಟರು ಎಂಬುದು ಮುಖ್ಯವಾಗಿತ್ತು.

ಹೊರಡುವಾಗಿನ ಅಳು ಎಂಟರಿಂದ ಹದಿನೆಂಟು ತಿಂಗಳ ನಡುವೆ ಜೋರು. ಕಣ್ಣಿಗೆ ಕಾಣದಿದ್ದರೂ ಅಮ್ಮ ಎಲ್ಲೋ ಇದ್ದಾಳೆ ಎಂದು ಗೊತ್ತಾಗಿದೆ, ಎಷ್ಟು ಹೊತ್ತಿಗೆ ಬರುತ್ತಾಳೆ ಎಂಬುದು ಗೊತ್ತಿಲ್ಲ. ಕದ್ದು ಹೋದರೆ ‘ಅಮ್ಮ ಯಾವಾಗ ಬೇಕಾದರೂ ಮಾಯವಾಗಬಹುದು’ ಎಂದು ಕಲಿತು ದಿನವಿಡೀ ಸೆರಗು ಬಿಡುವುದಿಲ್ಲ. ಅಜ್ಜಿಯ ಕಂಕುಳಲ್ಲಿ ಕೊಟ್ಟು, ಮುಂಬಾಗಿಲಲ್ಲಿ ನಿಂತು, ದಿನವೂ ಒಂದೇ ಮಾತು ಹೇಳಿ, ಒಂದು ನಿಮಿಷದೊಳಗೆ ಹೊರಡಿ. ಅತ್ತರೂ ತಿರುಗಿ ಬರಬೇಡಿ. ಮೊದಲ ವಾರ ಅಳು ಹೆಚ್ಚಬಹುದು. ಹೋದ ಹತ್ತು ನಿಮಿಷದಲ್ಲಿ ಆಟಕ್ಕೆ ಇಳಿಯುತ್ತಾನೋ ಇಲ್ಲವೋ ಎಂದು ಅಜ್ಜಿಯನ್ನು ಕೇಳಿ, ನೋಡಬೇಕಾದ್ದು ಅದನ್ನು.

ಮೇರಿ ಐನ್ಸ್‌ವರ್ತ್ ಮೊದಲು ಉಗಾಂಡಾದಲ್ಲಿ, ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ತಾಯಿ-ಮಕ್ಕಳನ್ನು ಗಮನಿಸಿ, ಬಾಂಧವ್ಯ ಅಳೆಯಲು ರೂಪಿಸಿದ ಪರೀಕ್ಷೆಯಲ್ಲಿ ಎಂಟು ಚಿಕ್ಕ ಪ್ರಸಂಗಗಳು, ಹೆಚ್ಚಿನವು ಮೂರು ಮೂರು ನಿಮಿಷ. ತಾಯಿ ಎರಡು ಸಲ ಹೊರಹೋಗಿ ಮರಳುತ್ತಾಳೆ. ಅಂಕ ಮುಖ್ಯವಾಗಿ ನಿಂತಿರುವುದು ಮಗು ಎಷ್ಟು ಅತ್ತಿತು ಎಂಬುದರ ಮೇಲಲ್ಲ, ತಾಯಿ ಮರಳಿದಾಗ ಸಮಾಧಾನವಾಯಿತೇ ಎಂಬುದರ ಮೇಲೆ. ಜಪಾನಿನಲ್ಲಿ ಇದೇ ಪರೀಕ್ಷೆ ಮಾಡಿದಾಗ, ತಾಯಿಯನ್ನು ಬಿಟ್ಟಿದ್ದು ಅಭ್ಯಾಸವೇ ಇಲ್ಲದ ಮಕ್ಕಳು ವಿಪರೀತ ಅತ್ತು ‘ಅಭದ್ರ’ ಪಟ್ಟಿಗೆ ಬಿದ್ದವು. ಕೂಡುಕುಟುಂಬದ ಮಕ್ಕಳನ್ನು ಆನ್‌ಲೈನ್ ಪ್ರಶ್ನಾವಳಿಯಲ್ಲಿ ಅಳೆಯುವವರು ಇದನ್ನು ನೆನಪಿಡಬೇಕು.

ಸಂಜೆ ಬಂದ ಮೇಲೆ ಮೊದಲ ಹದಿನೈದು ನಿಮಿಷ ಫೋನು ದೂರ ಇಟ್ಟು ನೆಲದ ಮೇಲೆ ಕೂತುಬಿಡಿ. ಎಳೆದುಕೊಳ್ಳಬೇಡಿ, ಅವನೇ ಬರುತ್ತಾನೆ. ಅಜ್ಜಿಯನ್ನು ಮೊದಲು ಅಪ್ಪಿದ್ದು ನಿಮ್ಮನ್ನು ಬಿಟ್ಟ ಲಕ್ಷಣವಲ್ಲ. ಯಾರು ಬಂದರೂ ಹೋದರೂ ಯಾವ ಪರಿವೆಯೂ ಇಲ್ಲ, ಕಣ್ಣಿಗೆ ಕಣ್ಣು ಕೂಡಿಸುವುದಿಲ್ಲ ಎಂದಿದ್ದರೆ ಮಾತ್ರ ಮಕ್ಕಳ ವೈದ್ಯರಿಗೆ ತೋರಿಸಿ.

ಹದಿನಾಲ್ಕರ ಮಗ ಶಾಲೆಯ ಗೇಟಿನ ತನಕ ನನ್ನ ಸ್ಕೂಟರಿನಲ್ಲಿ ಬರಲು ನಾಚುತ್ತಾನೆ. ಮನೆಯಲ್ಲಿ ಜಾಣ, ಗೆಳೆಯರ ಜೊತೆ ಸೇರಿದರೆ ಬೈಕು ತೆಗೆದುಕೊಂಡು ಉಣಕಲ್ ಕಡೆ ತ್ರಿಬ್ಬಲ್ ಹೋಗುತ್ತಾನಂತೆ.
*— ತಂದೆ, ವಿದ್ಯಾನಗರ, ಹುಬ್ಬಳ್ಳಿ*

ಎರಡು ಬೇರೆ ಸಂಗತಿ, ಒಂದಕ್ಕೆ ಸೋಲಿ, ಇನ್ನೊಂದಕ್ಕೆ ಸೋಲಬೇಡಿ.

ಮೊದಲನೆಯದಕ್ಕೆ ಡೇವಿಡ್ ಎಲ್ಕೈಂಡ್ 1967ರಲ್ಲಿ ಕೊಟ್ಟ ವಿವರಣೆ: ಈ ವಯಸ್ಸಿನಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಎನಿಸುತ್ತದೆ, ಇಲ್ಲದ ಪ್ರೇಕ್ಷಕರು ಸದಾ ಎದುರಿಗಿರುತ್ತಾರೆ. ಗೇಟಿಗಿಂತ ನೂರು ಮೀಟರ್ ಹಿಂದೆ ಇಳಿಸಿ, ಚೇಷ್ಟೆ ಮಾಡಬೇಡಿ.

ಎರಡನೆಯದಕ್ಕೆ ಗಾರ್ಡ್‌ನರ್ ಮತ್ತು ಸ್ಟೈನ್‌ಬರ್ಗ್ 2005ರಲ್ಲಿ ಮಾಡಿದ ಪ್ರಯೋಗ ನೋಡಿ. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟವನ್ನು ಒಬ್ಬರೇ ಆಡಿದಾಗ ಹದಿಹರೆಯದವರೂ ದೊಡ್ಡವರೂ ಬಹಳ ಬೇರೆಯಾಗಿರಲಿಲ್ಲ. ಗೆಳೆಯರು ಪಕ್ಕದಲ್ಲಿದ್ದಾಗ 13ರಿಂದ 16ರವರ ಅಪಾಯದ ಆಟ ಜಾಸ್ತಿಯಾಯಿತು, 24 ದಾಟಿದವರದು ಆಗಲಿಲ್ಲ. ಆದ್ದರಿಂದ ಮನೆಯಲ್ಲಿ ಕೂಡಿಸಿ ಬುದ್ಧಿ ಹೇಳಿದರೆ ಉಪಯೋಗ ಕಡಿಮೆ. ನಿಯಮ ಅವನಿಗೆ ಗೊತ್ತೇ ಇದೆ, ಗೆಳೆಯರ ನಡುವೆ ಅದು ನಿಲ್ಲುವುದಿಲ್ಲ. ಅವಕಾಶವನ್ನೇ ತೆಗೆಯಿರಿ: ಕೀಲಿ ನಿಮ್ಮ ಬಳಿ ಇರಲಿ, ಹೋಗಬೇಕಾದ ಕಡೆಗೆ ಸೈಕಲ್ಲು ಅಥವಾ ಚಿಗರಿ ಬಸ್ಸು. ‘ಅಪ್ಪ ಮೊಬೈಲ್ ಕಸೀತಾನ’ ಎಂಬ ನೆಪವನ್ನು ಗೆಳೆಯರೆದುರು ಹೇಳಲು ಅವನಿಗೆ ನೀವೇ ಕೊಡಿ, ಮರ್ಯಾದೆ ಉಳಿಯುತ್ತದೆ. ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಂತೆ ಅಪ್ರಾಪ್ತರು ಓಡಿಸಿ ಅಪರಾಧವಾದರೆ ಪಾಲಕರಿಗೆ ಮೂರು ವರ್ಷದ ತನಕ ಜೈಲು, 25,000 ರೂಪಾಯಿ ದಂಡ; ಹುಡುಗನಿಗೆ 25 ವರ್ಷದ ತನಕ ಲೈಸೆನ್ಸ್ ಸಿಗುವುದಿಲ್ಲ. ಈ ಕೊನೆಯದನ್ನು ಅವನಿಗೆ ಹೇಳಿ, ಜೈಲಿಗಿಂತ ಅದೇ ಅವನಿಗೆ ಜೋರಾಗಿ ತಟ್ಟುತ್ತದೆ.

ಎರಿಕ್ಸನ್ ಹಂತಗಳ ವಯಸ್ಸು ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇದೆ. ಯಾವುದು ಸರಿ? ನಮ್ಮ ನಾಲ್ಕು ಆಶ್ರಮಗಳೂ ಇದೂ ಒಂದೇ ಎಂದು ಬರೆಯಬಹುದೇ?
*— ಬಿ.ಇಡಿ ವಿದ್ಯಾರ್ಥಿನಿ, ಧಾರವಾಡ*

1950ರಲ್ಲಿ ಎಂಟು ಹಂತಗಳನ್ನು ಬರೆದಾಗ ಎರಿಕ್ಸನ್ ಇಷ್ಟು ಬಿಗಿಯಾದ ವಯೋಮಿತಿ ಹಾಕಿರಲಿಲ್ಲ, ಹಾಕಿದ್ದು ಆಮೇಲಿನ ಪಠ್ಯಪುಸ್ತಕಗಳು. ಪರೀಕ್ಷೆಯಲ್ಲಿ ನಿಮ್ಮ ಪಠ್ಯದ್ದನ್ನೇ ‘ಸುಮಾರು’ ಸೇರಿಸಿ ಬರೆಯಿರಿ.

ಒಂದೇ ಎಂದು ಬರೆಯಬೇಡಿ. ಹೋಲಿಕೆ ಇದೆ, ಎರಿಕ್ಸನ್ ಜೊತೆ ಕೆಲಸ ಮಾಡಿದ ಸುಧೀರ್ ಕಕ್ಕರ್ ಅದನ್ನು ವಿವರವಾಗಿ ಚರ್ಚಿಸಿದ್ದಾರೆ. ಆದರೆ ಆಶ್ರಮ ಹೇಳುವುದು ಹೀಗೆ ಬದುಕಬೇಕು ಎಂದು, ಅದೂ ಮುಖ್ಯವಾಗಿ ಮೇಲಿನ ವರ್ಣಗಳ ಗಂಡಸರಿಗೆ. ಎರಿಕ್ಸನ್ ಹೇಳುವುದು ಆಯಾ ಕಾಲದಲ್ಲಿ ಮನಸ್ಸಿನೊಳಗೆ ಯಾವ ಎಳೆದಾಟ ನಡೆಯುತ್ತದೆ ಎಂದು. ಶೈಶವದ ನಂಬಿಕೆ-ಅಪನಂಬಿಕೆಯ ಹಂತಕ್ಕೆ ಆಶ್ರಮಗಳಲ್ಲಿ ಜೋಡಿಯೇ ಇಲ್ಲ. ನೈತಿಕ ಬೆಳವಣಿಗೆಯ ಹಂತಗಳನ್ನು ಕೊಟ್ಟ ಕೋಲ್‌ಬರ್ಗ್ ಬಗ್ಗೆ ಬರೆಯುವಾಗಲೂ ಒಂದು ಸಾಲು ಸೇರಿಸಿ: ಅವರ ಮೂಲ ಅಧ್ಯಯನದಲ್ಲಿದ್ದದ್ದು ಶಿಕಾಗೋ ಕಡೆಯ 10, 13, 16 ವಯಸ್ಸಿನ 72 ಹುಡುಗರು, ಹುಡುಗಿಯರೇ ಇರಲಿಲ್ಲ. 1982ರಲ್ಲಿ ಕ್ಯಾರಲ್ ಗಿಲಿಗನ್ ತೆಗೆದ ತಕರಾರಿಗೆ ಇದೂ ಒಂದು ಕಾರಣ.

ವಯಸ್ಸು 46, ಬೀಜದ ವ್ಯಾಪಾರ ಚೆನ್ನಾಗಿದೆ. ಆದರೂ ಯಾವುದರಲ್ಲೂ ರುಚಿ ಇಲ್ಲ. ಇದು ಮಿಡ್‌ಲೈಫ್ ಕ್ರೈಸಿಸ್ಸೇ?
*— ರಾಣೆಬೆನ್ನೂರು*

ಆ ಹೆಸರನ್ನು ಅಷ್ಟು ಬೇಗ ಹಚ್ಚಿಕೊಳ್ಳಬೇಡಿ. ಎಲಿಯಟ್ ಜಾಕ್ಸ್ 1965ರಲ್ಲಿ ಅದನ್ನು ಬಳಕೆಗೆ ತಂದದ್ದು ಕಲಾವಿದರ ಬದುಕನ್ನು ನೋಡಿ. 1978ರಲ್ಲಿ ಡೇನಿಯಲ್ ಲೆವಿನ್ಸನ್ ಅದಕ್ಕೆ ಬಲ ಕೊಟ್ಟದ್ದು 40 ಅಮೆರಿಕನ್ ಗಂಡಸರ ಸಂದರ್ಶನದಿಂದ. ನಲವತ್ತು ದಾಟಿದವರಿಗೆಲ್ಲ ಇಂಥ ಬಿಕ್ಕಟ್ಟು ಬಂದೇ ಬರುತ್ತದೆ ಎಂಬುದನ್ನು ಆಮೇಲಿನ ದೊಡ್ಡ ಸಮೀಕ್ಷೆಗಳು ಒಪ್ಪಿಲ್ಲ.

ಮೊದಲು ದೇಹ ನೋಡಿಸಿ: ಥೈರಾಯ್ಡ್, ಬಿ12, ಸಕ್ಕರೆ, ಹಿಮೋಗ್ಲೋಬಿನ್. ಎರಡು ವಾರಕ್ಕೂ ಹೆಚ್ಚು ಕಾಲ ಬಹುತೇಕ ದಿನವಿಡೀ ಬೇಸರ ಅಥವಾ ನಿರಾಸಕ್ತಿ ಇದ್ದು, ಜೊತೆಗೆ ನಿದ್ದೆ, ಹಸಿವು, ಗಮನ, ಶಕ್ತಿ ಕೆಟ್ಟಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದೂರವೆನಿಸಿದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಅದಾವುದೂ ಇಲ್ಲ, ವ್ಯಾಪಾರ ಒಂದೇ ಸಪ್ಪೆ ಎನಿಸುತ್ತಿದೆ ಅಂದರೆ ಎರಿಕ್ಸನ್ನರ ಏಳನೆಯ ಹಂತ ನೆನೆಯಬಹುದು: ಮುಂದಿನವರಿಗೆ ಏನನ್ನಾದರೂ ದಾಟಿಸದೆ ಇದ್ದರೆ ಮನಸ್ಸು ನಿಂತ ನೀರಾಗುತ್ತದೆ. ಅಂಗಡಿಯ ಒಬ್ಬ ಹುಡುಗನಿಗೆ ಬೀಜದ ಮೊಳಕೆ ಪರೀಕ್ಷೆಯಿಂದ ಉದ್ರಿ ಲೆಕ್ಕದ ತನಕ ಕಲಿಸಿ ಒಂದು ಹಂಗಾಮು ಅವನ ಕೈಗೆ ಬಿಡಿ. ದೇಣಿಗೆ ಕೊಟ್ಟು ಫಲಕದಲ್ಲಿ ಹೆಸರು ಬರೆಸುವುದಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನಮ್ಮ ಅಭಿಪ್ರಾಯ.

ತಂದೆಗೆ 74, ನಿವೃತ್ತ ಶಿಕ್ಷಕರು. ಹಾರ್ಮೋನಿಯಂ ನುಡಿಸುತ್ತಿದ್ದರು, ಈಗ ‘ಬೆರಳು ಓಡವಲ್ವು’ ಎಂದು ಮುಚ್ಚಿಟ್ಟಿದ್ದಾರೆ. ಮದುವೆ ಮುಂಜಿಗೆ ಬರುವುದಿಲ್ಲ. ಹಳೆಯ ಕಥೆಯನ್ನೇ ಮತ್ತೆ ಮತ್ತೆ ಹೇಳುತ್ತಾರೆ. ಹೆಸರು ಮರೆಯುತ್ತಾರೆ.
*— ಮಗಳು, ಮಾಳಮಡ್ಡಿ, ಧಾರವಾಡ*

ಒಂದೊಂದನ್ನೂ ಬೇರೆ ಬೇರೆ ನೋಡಬೇಕು.

ಬೆರಳಿನದು ಮೊದಲು. ರೇಮಂಡ್ ಕ್ಯಾಟೆಲ್ ಬುದ್ಧಿಯನ್ನು ಎರಡಾಗಿ ಒಡೆದರು: ಹೊಸದನ್ನು ಚುರುಕಾಗಿ ಬಿಡಿಸುವ ಶಕ್ತಿ, ಕಲಿತು ಕೂಡಿಟ್ಟ ತಿಳಿವಳಿಕೆ. ಮೊದಲನೆಯದು ಯೌವನದ ನಂತರವೇ ಇಳಿಯತೊಡಗುತ್ತದೆ, ಎರಡನೆಯದು ಅರವತ್ತು ದಾಟಿಯೂ ನಿಲ್ಲುತ್ತದೆ. ರಾಗದ ತಿಳಿವಳಿಕೆ ಎರಡನೆಯದು. ಜರ್ಮನಿಯ ಪಾಲ್ ಬಾಲ್ಟಿಸ್ ಮುಪ್ಪನ್ನು ನಿಭಾಯಿಸುವುದಕ್ಕೆ ಮೂರು ಕೆಲಸ ಹೇಳಿದರು: ಆರಿಸಿಕೊ, ಆರಿಸಿದ್ದನ್ನು ಹದ ಮಾಡು, ಕಳೆದದ್ದಕ್ಕೆ ಬೇರೆ ದಾರಿಯಿಂದ ತುಂಬು. ಅವರ ಉದಾಹರಣೆ ಪಿಯಾನೋ ವಾದಕ ಆರ್ಥರ್ ರೂಬಿನ್‌ಸ್ಟೈನ್. ಎಂಬತ್ತರಲ್ಲೂ ಹೇಗೆ ನುಡಿಸುತ್ತೀರಿ ಎಂದರೆ, ಕಡಿಮೆ ಕೃತಿಗಳನ್ನು ಆರಿಸಿ, ಅವನ್ನೇ ಹೆಚ್ಚು ಸಾಧಕ ಮಾಡಿ, ವೇಗದ ಭಾಗಕ್ಕೆ ಮೊದಲು ಲಯ ಇಳಿಸಿ ಆಮೇಲಿನದು ವೇಗವಾಗಿ ಕೇಳುವಂತೆ ಮಾಡುತ್ತೇನೆ ಎಂದಿದ್ದರಂತೆ. ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹತ್ತು ರಾಗದ ಬದಲು ಎರಡು, ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು. ದ್ರುತ್ ಬಿಟ್ಟು ವಿಲಂಬಿತ್. ಗಂಟು ನೋವಿದ್ದರೆ ಮೊದಲು ಅದಕ್ಕೆ ಔಷಧಿ.

ಮದುವೆಗೆ ಬರದಿರುವುದು ರೋಗವೇ ಆಗಬೇಕಿಲ್ಲ. ಉಳಿದ ಕಾಲ ಕಡಿಮೆ ಅನಿಸಿದಾಗ ಮನುಷ್ಯರು ಪರಿಚಯದವರನ್ನು ಬಿಟ್ಟು ಆಪ್ತರನ್ನು ಉಳಿಸಿಕೊಳ್ಳುತ್ತಾರೆ ಎಂದು ಲಾರಾ ಕಾರ್‌ಸ್ಟೆನ್ಸನ್ ತೋರಿಸಿದ್ದಾರೆ. ಇಬ್ಬರು ಹಳೆಯ ಗೆಳೆಯರನ್ನು ಮನೆಗೆ ಕರೆಯಿರಿ. ಅವರನ್ನೂ ಬೇಡ ಎಂದರೆ ಆಗ ಯೋಚಿಸಿ. ಕಿವಿಯನ್ನೂ ಪರೀಕ್ಷಿಸಿ, ಗದ್ದಲದಲ್ಲಿ ಮಾತು ಕೇಳಿಸದವರು ಮೊದಲು ಬಿಡುವುದು ಮದುವೆ ಮನೆಯನ್ನೇ.

ಹಳೆಯ ಕಥೆ ಹೇಳುವುದನ್ನು ಒಂದು ಕಾಲಕ್ಕೆ ಅರಳುಮರಳು ಎನ್ನುತ್ತಿದ್ದರು. ರಾಬರ್ಟ್ ಬಟ್ಲರ್ 1963ರಲ್ಲಿ ಅದು ಬದುಕನ್ನು ಒಟ್ಟು ಹಾಕಿ ನೋಡುವ ಸಹಜ ಕೆಲಸ ಎಂದರು. ಬಾಳಿದ ಬದುಕನ್ನು ಒಪ್ಪಿಕೊಳ್ಳುವುದೋ ಹತಾಶೆಯೋ ಎಂಬ ಎರಿಕ್ಸನ್ನರ ಎಂಟನೆಯ ಹಂತಕ್ಕೂ ಇದು ಹೊಂದುತ್ತದೆ. ‘ಇದನ್ನ ಹೇಳೀರಿ’ ಎಂದು ತಡೆಯದೆ, ಕಥೆಯೊಳಗೆ ಇನ್ನೂ ಬಾರದ ಒಂದು ಸಂಗತಿ ಕೇಳಿ: ಮುಲ್ಕಿ ಪರೀಕ್ಷೆಗೆ ಯಾವ ಊರಿಗೆ ಹೋಗಿದ್ದಿರಿ, ಜೊತೆಗೆ ಯಾರಿದ್ದರು? ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ಕಥೆ ಪ್ರತಿ ಸಲ ಒಂದೇ ಕಹಿ ಜಾಗಕ್ಕೆ ಬಂದು ನಿಂತು ಅಳುವಿನಲ್ಲಿ ಮುಗಿದರೆ ಆಪ್ತಸಲಹೆ ಬೇಕು.

ಹೆಸರು ನಾಲಿಗೆ ತುದಿಗೆ ಬಂದು ಅರ್ಧ ತಾಸಿಗೆ ನೆನಪಾದರೆ ಅದು ವಯಸ್ಸು. ಲೈನ್ ಬಜಾರಿನಿಂದ ಮನೆಗೆ ಬರುವ ದಾರಿ ತಪ್ಪಿದರೆ, ಕೊಟ್ಟ ದುಡ್ಡನ್ನೇ ಮತ್ತೆ ಕೊಟ್ಟರೆ, ಚಹಾ ಮಾಡುವಾಗ ಯಾವುದರ ನಂತರ ಯಾವುದು ಎಂದು ಗೊಂದಲವಾದರೆ ಅದು ಬೇರೆ. ಅಂಥ ಮೂರ್ನಾಲ್ಕು ಘಟನೆಗಳನ್ನು ತಾರೀಖಿನೊಂದಿಗೆ ಬರೆದು, ಅವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಚೀಟಿ ಸಮೇತ ವೈದ್ಯರಿಗೆ ಕೊಡಿ. ನಿದ್ದೆ ಮಾತ್ರೆ, ಬಿ12 ಕೊರತೆ, ಥೈರಾಯ್ಡ್ ಕೂಡ ಮರೆವು ತರುತ್ತವೆ, ಅವು ಸರಿಹೋಗುವಂಥವು.

ಮಗನಿಗೆ ಎರಡೂವರೆ. ‘ಅವ್ವ’, ‘ನೀರು’ ಬಿಟ್ಟರೆ ಮಾತಿಲ್ಲ. ಮನೆಯಲ್ಲಿ ಕನ್ನಡ, ಮರಾಠಿ ಎರಡೂ ಇದೆ. ‘ಗಂಡುಮಕ್ಕಳು ತಡವಾಗಿ ಮಾತಾಡ್ತಾವ’ ಅಂತಾರೆ ಹಿರಿಯರು. ನೀವೂ ವಯಸ್ಸು ಗಡುವಲ್ಲ ಅನ್ನುತ್ತೀರಿ. ಕಾಯಬಹುದೇ?
*— ಹಳೇ ಹುಬ್ಬಳ್ಳಿ*

ಕಾಯಬೇಡಿ. ಪಾನಕದ ಲೋಟದಲ್ಲಿ ಒಂದು ವರ್ಷ ಹಿಂದುಮುಂದಾದರೆ ಏನೂ ಆಗುವುದಿಲ್ಲ, ಮಾತಿನಲ್ಲಿ ಆಗುತ್ತದೆ. ಹನ್ನೆರಡು ತಿಂಗಳಿಗೆ ತೊದಲು ಮತ್ತು ಕೈಸನ್ನೆ, ಹದಿನಾರಕ್ಕೆ ಬಿಡಿ ಪದ, ಇಪ್ಪತ್ನಾಲ್ಕಕ್ಕೆ ತಾನಾಗಿ ಎರಡು ಪದ ಜೋಡಿಸುವುದು (‘ನೀರು ಬೇಕು’, ‘ಅಪ್ಪ ಬಂದ’) ಇವು ಬಾರದಿದ್ದರೆ ತೋರಿಸಲೇಬೇಕು. ಬಂದ ಮಾತು ಯಾವ ವಯಸ್ಸಿನಲ್ಲಿ ನಿಂತುಹೋದರೂ ತೋರಿಸಬೇಕು. ಗಂಡುಮಕ್ಕಳು ಸರಾಸರಿಯಲ್ಲಿ ಸ್ವಲ್ಪ ತಡ ನಿಜ, ಆದರೆ ಇಷ್ಟು ತಡಕ್ಕೆ ಅದು ಉತ್ತರವಲ್ಲ. ಎರಡು ಭಾಷೆ ಮಾತನ್ನು ತಡೆಯುವುದಿಲ್ಲ. ಎಣಿಸುವಾಗ ಕನ್ನಡದ್ದನ್ನೂ ಮರಾಠಿಯದನ್ನೂ ಕೂಡಿಸಿ ಎಣಿಸಿ. ಒಂದು ಭಾಷೆ ಬಿಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ಮೊದಲು ಕಿವಿ. ಬಾಗಿಲ ಸದ್ದಿಗೆ ತಿರುಗುತ್ತಾನೆ ಎಂದರೆ ಕಿವಿ ಪೂರ್ತಿ ಸರಿ ಎಂದಲ್ಲ, ದಪ್ಪ ಸದ್ದು ಕೇಳಿಸಿ ‘ಸ’, ‘ತ’ದಂಥ ಸಣ್ಣ ಧ್ವನಿ ಕೇಳಿಸದಿರಬಹುದು. ಈ ವಯಸ್ಸಿನಲ್ಲಿ ಮಗು ಮಲಗಿದ್ದಾಗ ಮಾಡುವ ಬೆರಾ ಪರೀಕ್ಷೆ ಇದೆ. ಆಮೇಲೆ ಬೇಕಾದ್ದನ್ನು ಬೆರಳಿಟ್ಟು ತೋರಿಸುತ್ತಾನೋ, ಹೆಸರು ಕರೆದರೆ ತಿರುಗುತ್ತಾನೋ, ಆಟಿಕೆ ತಂದು ನಿಮಗೆ ತೋರಿಸುತ್ತಾನೋ ಎಂದು ಒಂದು ವಾರ ನೋಡಿ ಬರೆಯಿರಿ. ಈ ಮೂರೂ ಇಲ್ಲದಿದ್ದರೆ ಆಟಿಸಂ ತಪಾಸಣೆಯೂ ಆಗಬೇಕು. ಮಕ್ಕಳ ಆರೋಗ್ಯ ತಪಾಸಣೆಗೆ ಅಂಗನವಾಡಿಗೆ ಬರುವ ಸರ್ಕಾರದ ಆರ್‌ಬಿಎಸ್‌ಕೆ ತಂಡಕ್ಕೆ ಹೇಳಿದರೆ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಚೀಟಿ ಕೊಡುತ್ತಾರೆ, ತಪಾಸಣೆ ಉಚಿತ. ಅಪಾಯಿಂಟ್‌ಮೆಂಟ್ ಸಿಗುವ ತನಕ ಮೊಬೈಲು, ಟಿವಿ ತೆಗೆದುಬಿಡಿ. ‘ನೀರು’ ಎಂದರೆ ‘ತಣ್ಣೀರು ಬೇಕಾ?’ ಎಂದು ಒಂದು ಪದ ಸೇರಿಸಿ ತಿರುಗಿ ಹೇಳಿ, ಹೇಳಿ ಮನಸ್ಸಿನಲ್ಲೇ ಐದು ಎಣಿಸಿ ಕಾಯಿರಿ. ಹೇಳದೆ ಕೊಡುವುದಿಲ್ಲ ಎಂದು ಸತಾಯಿಸಬೇಡಿ.